ಕಲ್ಲುಗಣಿಯಲ್ಲಿ ಕೂಗಿದ ಹೆಸರು

ಕಲ್ಲುಗಣಿಯ ಅಂಚಿನಲ್ಲಿ ನಿಂತು ನನ್ನ ಹೆಸರನ್ನು ಕೂಗಿದೆ. ಎದುರಿಗೆ ಕಡಿದು ಬಿಟ್ಟ ಬಂಡೆಯ ಗೋಡೆ, ಕೆಳಗೆ ಪಾಚಿಗಟ್ಟಿದ ನೀರು, ನೀರಿನ ಮೇಲೆ ಯಾರದೋ ಒಂಟಿ ಚಪ್ಪಲಿ. ಏನೂ ವಾಪಸು ಬರಲಿಲ್ಲ. ಪತ್ತಿನ ಸಂಘದ ಗುಮಾಸ್ತರಾದ ಧರಣೇಂದ್ರಯ್ಯನವರು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಕಣ್ಣು ಮುಚ್ಚಿ ಕಾಯುತ್ತಲೇ ಇದ್ದರು.

“ಇನ್ನೊಂದ್ಸಲ ಕೂಗಿ ಮೇಡಂ. ನಾಚ್ಕೋಬೇಡಿ. ಗಂಟಲು ಬಿಟ್ಟು ಕೂಗಿ.”

“ವಾರಿಜಾ!” ಎಂದು ಮತ್ತೆ ಕೂಗಿದೆ. ಒಂದು ಕಾಗೆ ಹಾರಿತು. ಅಷ್ಟೇ.

ನನ್ನ ಹಿಂದೆ ಸರದಿಯಲ್ಲಿ ಬಾಳೆಹಣ್ಣಿನ ಗಾಡಿಯವನೊಬ್ಬ ನಿಂತಿದ್ದ. ಅವನು ಬೀಡಿ ಆರಿಸಿ, ಆಕಳಿಸುತ್ತಲೇ “ಮಾಳಿಂಗ” ಎಂದ. ಸರಿಯಾಗಿ ಬಾಯಿ ಕೂಡ ತೆರೆದಿರಲಿಲ್ಲ. ಬಂಡೆ ಅವನ ಹೆಸರನ್ನು ಇಡಿಯಾಗಿ, ಮತ್ತೆ ಮತ್ತೆ, ಸಂತೆಯಲ್ಲಿ ಪರಿಚಯದವರು ಕರೆದ ಹಾಗೆ ಕರೆಯಿತು. ಧರಣೇಂದ್ರಯ್ಯನವರು ಕಣ್ಣು ತೆರೆದು ಅವನ ಅರ್ಜಿಗೆ ಮೊಹರು ಒತ್ತಿದರು.

“ನೀವು ಈ ಊರಿಗೆ ಬಂದ ಮೇಲೆ ಯಾರ ಹತ್ರನೂ ಏನೂ ಇಸ್ಕೊಂಡಿಲ್ವಾ?” ಎಂದು ನನ್ನನ್ನು ಕೇಳಿದರು.

“ಇಲ್ಲ,” ಎಂದೆ. ಆ ಮಾತು ಹೇಳುವಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. “ಇದುವರೆಗೆ ಒಬ್ಬರಿಗೂ ಮೋಸ ಮಾಡಿಲ್ಲ.”

“ಅದು ಸರಿ. ಮೋಸ ಮಾಡೋ ಅವಕಾಶಾನೇ ನಿಮಗೆ ಸಿಕ್ಕಿಲ್ವಲ್ಲ. ಗಣಿ ಪಾಪ ಏನು ಹೇಳುತ್ತೆ?” ಎಂದು ನಕ್ಕು, ನನ್ನ ಅರ್ಜಿಯನ್ನು ನನಗೇ ಕೊಟ್ಟರು. “ಕಾರ್ಡ್ ಬೇಕು ಅಂದ್ರೆ ಮೊದಲು ನಾಲ್ಕು ಮನೆ ಬಾಗಿಲು ತಟ್ಟಿ.”

ನನಗೆ ಕ್ರೆಡಿಟ್ ಕಾರ್ಡ್ ಬೇಕಾಗಿದ್ದುದು ಒಂದು ಕಲರಿಮೀಟರಿಗಾಗಿ, ಬಣ್ಣದ ಗಾಢತೆ ಅಳೆದು ನೀರಿನಲ್ಲಿ ಏನು ಎಷ್ಟಿದೆ ಎಂದು ಹೇಳುವ ಉಪಕರಣಕ್ಕಾಗಿ. ನಾನು ರಸಾಯನಶಾಸ್ತ್ರ ಓದಿದವಳು. ಪುರಸಭೆಯ ಪ್ರಯೋಗಶಾಲೆಯಲ್ಲಿ ಕೊಳವೆ ಬಾವಿಗಳ ನೀರು ಪರೀಕ್ಷಿಸುವ ಗುತ್ತಿಗೆ ಕೆಲಸಕ್ಕೆ ಈ ಊರಿಗೆ ಬಂದೆ. ಮಳೆಗಾಲ ಬರುವುದರೊಳಗೆ ಗುತ್ತಿಗೆ ಮುಗಿಯುವುದಿತ್ತು. ಮುಂದುವರಿಸುವುದಿಲ್ಲವೆಂದು ಆಗಲೇ ಹೇಳಿದ್ದರು. ಆದರೆ ನೀರು ಮಾತ್ರ ಹಾಗೆಯೇ ಇರುತ್ತದೆ. ಊರಿನ ಪೂರ್ವದ ಬೀದಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳಿದ್ದವು. ಯಾವ ಬಾವಿಯಲ್ಲಿ ಫ್ಲೋರೈಡ್ ಹೆಚ್ಚಿದೆ, ಯಾವುದು ಕುಡಿಯಲು ಸರಿ ಎಂದು ಹೇಳಲು ಯಾರಾದರೂ ಒಬ್ಬರು ಬೇಕು. ಹಳೆಯ ಉಪಕರಣಗಳ ಅಂಗಡಿಯ ಇಮಾಮ್ ಸಾಬರು ಮುಚ್ಚಿಹೋದ ಕಾಲೇಜೊಂದರ ಕಲರಿಮೀಟರನ್ನು ಕೊಂಡು ತಂದು, ಒರೆಸಿ ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು. ಅದು ನನ್ನದಾದರೆ ನಾನು ಸ್ವಂತವಾಗಿ ಪರೀಕ್ಷೆ ಮಾಡಿಕೊಡಬಹುದಿತ್ತು. ಕೈಯಲ್ಲಿದ್ದ ಹಣ ಸಾಲುತ್ತಿರಲಿಲ್ಲ. ಅಂಗಡಿಗಳ ಸಾಮಾನು ಕಂತಿಗೆ ಸಿಗುವುದು ಸಂಘದ ಕಾರ್ಡಿನ ಮೇಲೆ ಮಾತ್ರ.

ಗಣಿಯ ವಿಷಯ ನನಗೆ ಗೊತ್ತಿಲ್ಲವೆಂದಲ್ಲ. ಬಂದ ಹೊಸದರಲ್ಲಿ ಬಿಸಿಲು, ಗಾಳಿ, ಬಂಡೆಯ ದೂರ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಶಬ್ದದ ನಿಯಮಗಳಿಗೆ ಅದನ್ನು ಹೊಂದಿಸಲು ನೋಡಿದ್ದೆ. ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಇಬ್ಬರು ಕೂಗಿದರೆ ಒಬ್ಬರ ದನಿ ಬರುವುದು, ಇನ್ನೊಬ್ಬರದು ಬಾರದಿರುವುದು ಯಾವ ನಿಯಮಕ್ಕೂ ಹೊಂದಲಿಲ್ಲ. ಊರಿನವರು ಮಾತ್ರ ಅದರ ಬಗ್ಗೆ ತಲೆ ಕೆಡಿಸಿಕೊಂಡವರೇ ಅಲ್ಲ. ಇಸ್ಕೊಂಡು ಹಿಂದಿರುಗಿಸಿದವರ ಹೆಸರು ಹಿಂದಿರುಗುತ್ತದೆ, ಅಷ್ಟೇ. ಮನೆಯಲ್ಲಿ ಎರಡು ಏಣಿ ಇದ್ದವರೂ ಪಕ್ಕದ ಮನೆಯ ಏಣಿ ಕೇಳುತ್ತಿದ್ದರು. ಡಬ್ಬದ ತುಂಬ ಸಕ್ಕರೆ ಇಟ್ಟುಕೊಂಡು ಲೋಟ ಹಿಡಿದು ಹೋಗುತ್ತಿದ್ದರು. ಹೊಸ ಸೊಸೆಗೆ ಅತ್ತೆ ಮೊದಲು ಹೇಳಿಕೊಡುತ್ತಿದ್ದುದು ಯಾರ ಮನೆಯ ಒರಳು ಒಳ್ಳೆಯದು ಎನ್ನುವುದನ್ನು. ಮಳೆ ಬಂದಾಗ ಬೀದಿಯಲ್ಲಿ ಹೋಗುವ ಒಬ್ಬರ ಕೈಯಲ್ಲೂ ಅವರ ಸ್ವಂತ ಕೊಡೆ ಇರುತ್ತಿರಲಿಲ್ಲ. ನಾನು ಇದನ್ನೆಲ್ಲ ಕಿಟಕಿಯಿಂದ ನೋಡುತ್ತಾ, ಬೇಕಾದದ್ದನ್ನು ಅಂಗಡಿಯಿಂದ ಕೊಂಡು ತರುತ್ತಾ ಇದ್ದುಬಿಟ್ಟಿದ್ದೆ.

ನನ್ನ ಮನೆಯ ಗೋಡೆಗೆ ಅಂಟಿಕೊಂಡಂತೆ ರುದ್ರಾಣಮ್ಮನ ಹಿಟ್ಟಿನ ಗಿರಣಿ. ಹಿಂದೆ ಅವಳ ಮನೆ, ಮುಂದೆ ಗಿರಣಿ. ಐವತ್ತು ದಾಟಿದ ಗಟ್ಟಿ ಹೆಂಗಸು. ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟು. ವರ್ಷಗಟ್ಟಲೆ ಹಿಟ್ಟಿನ ದೂಳು ಕುಡಿದ ಗಂಟಲು, ಮಾತಾಡಿದರೆ ಜರಡಿಯಲ್ಲಿ ಗೋಧಿ ಆಡಿಸಿದಂತೆ ಕೇಳುತ್ತಿತ್ತು. ಊರೆಲ್ಲ ಅವಳನ್ನು ರುದ್ರಕ್ಕ ಎನ್ನುತ್ತಿತ್ತು. ಅದೇ ಸಂಜೆ ನಾನು ಅವಳ ಬಾಗಿಲಿಗೆ ಹೋದೆ.

“ಒಂದು ಸ್ಕ್ರೂಡ್ರೈವರ್ ಇದ್ಯಾ ರುದ್ರಕ್ಕ?”

“ನಿನ್ನ ಹತ್ರ ಒಂದು ಪೆಟ್ಟಿಗೆ ತುಂಬ ಇದಾವಲ್ಲ. ಮೊನ್ನೆ ಮೆಟ್ಟಲ ಮೇಲೆ ಹರಡ್ಕೊಂಡು ಕೂತಿದ್ದೆ.”

ಅವಳು ನನ್ನ ಮುಖವನ್ನೇ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. “ಗಣಿಗೆ ಹೋಗಿದ್ಯಾ? ಬಂಡೆ ಮಾತಾಡ್ಲಿಲ್ವಾ? ಬಾ, ಬಾ. ಸ್ಕ್ರೂಡ್ರೈವರಂತೆ ಸ್ಕ್ರೂಡ್ರೈವರು!”

ತಂದೆನೇನೋ ನಿಜ. ಬೇರೆಯವರ ವಸ್ತು ಮೇಜಿನ ಮೇಲಿದ್ದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪುಸ್ತಕ ತೆರೆದರೆ ಕಣ್ಣು ಅದರ ಕಡೆಗೇ ಹೋಗುವುದು. ದೀಪ ಹಚ್ಚುವುದರೊಳಗೆ ಹೋಗಿ ಕೊಟ್ಟುಬಿಟ್ಟೆ. ಮರುದಿನವೂ ಒಂದು ಸುತ್ತಿಗೆಯನ್ನು ಹಾಗೆಯೇ ತಂದು ಹಾಗೆಯೇ ಕೊಟ್ಟೆ. ಗಣಿಗೆ ಹೋಗಿ ಕೂಗಿದರೆ ಮತ್ತೆ ಮೌನ. ದಾರಿಯಲ್ಲಿ ಸಿಕ್ಕ ಧರಣೇಂದ್ರಯ್ಯನವರಿಗೆ ದೂರು ಹೇಳಿದೆ.

“ಬಿಸಿ ಪಾತ್ರೆ ಹಿಡಿದವರ ಹಾಗೆ ಕೆಳಗೆ ಇಟ್ಟುಬಿಟ್ರೆ ಹೇಗೆ ಮೇಡಂ? ಇಟ್ಕೊಳ್ಳಿ. ಅವರಿಗೆ ಅದು ಬೇಕು ಅನ್ನಿಸೋವರೆಗೂ ಇಟ್ಕೊಳ್ಳಿ. ಅವರು ಬಾಯಿಬಿಟ್ಟು ಕೇಳೋಕೆ ಮುಂಚೆ ಕೊಡಿ.”

“ಅವರಿಗೆ ಯಾವಾಗ ಬೇಕು ಅನ್ನಿಸುತ್ತೆ ಅಂತ ನನಗೆ ಹೇಗೆ ಗೊತ್ತಾಗಬೇಕು?”

“ಅದನ್ನ ನಾನು ಹೇಳಿದ್ರೆ ಕಾರ್ಡು ನನಗೆ ಕೊಡಬೇಕಾಗುತ್ತೆ,” ಎಂದು ಅವರು ಸೈಕಲ್ ಹತ್ತಿದರು.

ಅಂದಿನಿಂದ ನನ್ನ ಕಿವಿ ಗೋಡೆಗೆ ಅಂಟಿತು. ರುದ್ರಕ್ಕನ ಏಣಿ ನನ್ನ ಹಿತ್ತಲಲ್ಲಿದ್ದಾಗ ಅವಳ ಮನೆಯ ಹೆಂಚು ಕಟಕಟ ಎಂದರೂ ಎದ್ದು ನಿಲ್ಲುತ್ತಿದ್ದೆ. ಅವಳ ಜರಡಿ ನನ್ನ ಒಲೆಯ ಪಕ್ಕದಲ್ಲಿದ್ದಾಗ, ಗಿರಣಿಗೆ ಯಾರು ಏನು ತರುತ್ತಿದ್ದಾರೆ, ರವೆಯೋ ಹಿಟ್ಟೋ ಎಂದು ಇಣುಕಿ ನೋಡುತ್ತಿದ್ದೆ. ಪ್ರಯೋಗಶಾಲೆಯಲ್ಲಿ ಬ್ಯುರೆಟ್ಟಿನ ಗಾಜಿನ ನಳಿಕೆಯಿಂದ ಹನಿ ಬೀಳಿಸುತ್ತಾ ನಿಂತಾಗಲೂ ತಲೆಯಲ್ಲಿ ಅವಳಿಂದ ತಂದ ಬಿಂದಿಗೆ. ಒಂದು ಹನಿ ಹೆಚ್ಚಾದರೆ ಬಣ್ಣ ಹೋಗಿಬಿಡುತ್ತದೆ, ಕಡಿಮೆಯಾದರೆ ಬರುವುದೇ ಇಲ್ಲ. ಅಂಥ ಒಂದು ಗಳಿಗೆಗಾಗಿ ದಿನವಿಡೀ ಕಾಯುವುದು ನನ್ನ ನಿದ್ದೆಯನ್ನೆಲ್ಲ ತಿಂದುಹಾಕಿತು.

ಕೊಡುವಾಗ ನಾನು ನನ್ನ ಮನೆಯಲ್ಲಿ ಕಲಿತ ಹಾಗೆ ಕೊಡುತ್ತಿದ್ದೆ. ನಮ್ಮಲ್ಲಿ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಅವಳ ಬೋಗುಣಿಯನ್ನು ಉಜ್ಜಿ ತೊಳೆದು, ಒಳಗೆ ಒಂದು ಅಚ್ಚು ಬೆಲ್ಲ ಇಟ್ಟು ಕೊಟ್ಟೆ. ಡಬ್ಬಿಯಲ್ಲಿ ಕರಿಬೇವಿನ ಪುಡಿ ತುಂಬಿಸಿದೆ. ಜರಡಿಯ ಬಲೆ ಒಂದು ಕಡೆ ಹರಿದಿತ್ತು. ಅದನ್ನು ಕಿತ್ತು ಹೊಸ ಬಲೆ ಬಿಗಿದೆ, ಹಳೆಯದನ್ನು ಎಸೆಯಲು ಮನಸ್ಸಾಗದೆ ಮಡಿಸಿ ಇಟ್ಟೆ. ಕೊಡೆಯ ಮುರಿದ ಕಡ್ಡಿಗೆ ಬೆಸುಗೆ ಹಾಕಿಸಿದೆ. ಇದನ್ನು ಯಾರಿಗೂ ಹೇಳಲಿಲ್ಲ, ಸುಮ್ಮನೆ ಇಟ್ಟು ಬಂದೆ. ಈ ಊರಿನವರು ಪಾತ್ರೆಗಳನ್ನು ಬೋರಲು ಹಾಕಿಕೊಂಡು, ಒಳಗೆ ಒಂದು ಕಾಳೂ ಇಲ್ಲವೆಂದು ತೋರಿಸುತ್ತಾ ಬೀದಿಯಲ್ಲಿ ಹೋಗುವುದನ್ನು ನೋಡಿ, ಎಷ್ಟು ಒರಟು ಜನ ಎಂದುಕೊಂಡಿದ್ದೆ.

ಒಂದು ಬೆಳಗ್ಗೆ ಗಣಿಯಿಂದ “ಜಾ” ಎಂದು ಕೇಳಿಸಿತು. ಹೆಸರಿನ ಬಾಲ ಮಾತ್ರ. ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಕೆಲವು ವಾರ ಕಳೆದ ಮೇಲೆ “ರಿಜಾ” ಎಂದಾಯಿತು. ಇಮಾಮ್ ಸಾಬರ ಅಂಗಡಿಗೆ ಹೋಗಿ, ಕಪಾಟಿನ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಕಲರಿಮೀಟರನ್ನು ನೋಡಿದೆ.

“ಹೊಸ ಅರ್ಜಿಯವರನ್ನ ಕೇಳೋ ಗುರುವಾರ ಹತ್ರ ಬಂತು,” ಎಂದರು ಇಮಾಮ್ ಸಾಬರು. “ಅಲ್ಲೀವರೆಗೂ ನಾನು ಇದನ್ನ ಯಾರಿಗೂ ತೋರಿಸಲ್ಲ. ಆದ್ರೆ ಗಾಜು ಮಾತ್ರ ಒರೆಸಿ ಹೋಗಮ್ಮ, ನಿನ್ನ ಉಸಿರು ಕೂತಿದೆ.”

ರುದ್ರಕ್ಕನ ಕಾರ್ಡು ನವೀಕರಣಕ್ಕೆ ಬಂದದ್ದು ಅದೇ ದಿನಗಳಲ್ಲಿ. ಗಿರಣಿಯ ಬೀಸುಗಲ್ಲು ಸವೆದು ಹಿಟ್ಟು ತರಿತರಿಯಾಗಿ ಬೀಳುತ್ತಿತ್ತು. ಹೊಸ ಕಲ್ಲಿಗೆ ಹೇಳಿಟ್ಟಿದ್ದಳು, ಕಾರ್ಡಿನ ಮೇಲೆ. ಗಣಿಗೆ ಹೋಗಿಬರುವುದು ಅವಳಿಗೆ ಎಲೆ ಅಡಿಕೆ ತಂದಷ್ಟೇ ಸುಲಭದ ಕೆಲಸವಾಗಿತ್ತು. ಆ ದಿನ ಅವಳು ಮಧ್ಯಾಹ್ನವಾದರೂ ಗಿರಣಿ ತೆರೆಯಲಿಲ್ಲ. ನಾನು ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಕೂತಿದ್ದಳು.

“ಅರ್ಧ ಬಂತು ಕಣೆ,” ಎಂದಳು. “ರುದ್ರಾಣಮ್ಮ ಅಂತ ಕೂಗಿದ್ರೆ, ಬರೀ ‘ಣಮ್ಮ’ ಅಂತು. ಧರಣೇಂದ್ರಯ್ಯ ನನ್ನ ಮುಖ ನೋಡ್ಲಿಲ್ಲ. ಯಾರದ್ದೋ ಏನೋ ಇಟ್ಕೊಂಡಿದ್ದೀಯ, ಕೊಟ್ಟು ಬಾ ಅಂದ. ನಾನು! ನಾನು ಇಟ್ಕೊಂಡಿದ್ದೀನಂತೆ!”

ಸಂಘ ಅವಳ ಕಾರ್ಡನ್ನು ತಡೆಹಿಡಿಯಿತು. ಹೊಸ ಕಲ್ಲು ಮುಂದಿನ ಊರಿನಲ್ಲೇ ಉಳಿಯಿತು. ತರಿ ಹಿಟ್ಟನ್ನು ನೋಡಿ ಗಿರಾಕಿಗಳು ಚೀಲ ಹೊತ್ತು ಬಸ್‌ಸ್ಟ್ಯಾಂಡಿನ ಗಿರಣಿಗೆ ಹೊರಟರು. ಹೋಗುವಾಗ ಅವಳ ಬಾಗಿಲ ಕಡೆ ಒಂದು ಥರ ನೋಡಿಕೊಂಡು ಹೋಗುತ್ತಿದ್ದರು. ರುದ್ರಕ್ಕ ಮನೆಯನ್ನು ತಲೆಕೆಳಗು ಮಾಡಿದಳು. ಅಟ್ಟದಿಂದ ಇಳಿಸಿದ ಒಂದು ಹಿತ್ತಾಳೆ ಸೌಟನ್ನು, ಅದರ ಒಡತಿ ತೀರಿಕೊಂಡಿದ್ದರಿಂದ, ಅವಳ ಸೊಸೆಗೆ ಕೊಟ್ಟು ಬಂದಳು. ಸೊಸೆ ಅದು ನಮ್ಮದಲ್ಲವೆಂದಳು. ಜಗಳವಾಡಿ ಕೊಟ್ಟು ಬಂದಳು. ಗಣಿಗೆ ಹೋಗಿ ಕೂಗಿದರೆ ಅದೇ ಅರ್ಧ.

ನಾನು ಅವಳ ಅಡಿಗೆಮನೆಯಲ್ಲಿ ನಿಂತು ಸಾಮಾನು ಇಳಿಸಲು ಸಹಾಯ ಮಾಡುತ್ತಿದ್ದೆ. “ಇದು?” ಎಂದು ಒಂದೊಂದನ್ನೇ ಎತ್ತಿ ತೋರಿಸುತ್ತಿದ್ದೆ. “ನಂದೇ,” “ನಮ್ಮತ್ತೆದು,” “ನಂದೇ” ಎನ್ನುತ್ತಿದ್ದಳು.

“ಈ ಜರಡಿ?”

“ನಂದೇ ಕಣೆ. ನೀನೇ ತಾನೆ ವಾಪಸ್ ಕೊಟ್ಟಿದ್ದು?”

ಬೆಳಕಿಗೆ ಹಿಡಿದಾಗ ಹೊಸ ಬಲೆ ಹೊಳೆಯಿತು. ಜರಡಿಯ ಮರದ ಬಳೆ ಅವಳದು. ಬಲೆ ನನ್ನದು. ನಾನು ಅದನ್ನು ನಿಧಾನವಾಗಿ ಕೆಳಗೆ ಇಟ್ಟೆ. ಗೂಟದಲ್ಲಿ ಅವಳ ಕೊಡೆ ತೂಗುತ್ತಿತ್ತು, ಬೆಸುಗೆ ಹಾಕಿದ ಕಡ್ಡಿಯೊಂದಿಗೆ. ಕಪಾಟಿನಲ್ಲಿ ಡಬ್ಬಿ. ತಲೆನೋವೆಂದು ಹೇಳಿ ಮನೆಗೆ ಬಂದುಬಿಟ್ಟೆ.

ಊಹೆ ಇನ್ನೂ ಊಹೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದೆ. ಪಕ್ಕದಲ್ಲಿ ಗಿರಣಿ ಸದ್ದು ಮಾಡುತ್ತಿರಲಿಲ್ಲ. ಆ ಸದ್ದಿಲ್ಲದ ಮನೆಯಲ್ಲಿ ನನ್ನ ಹೆಜ್ಜೆಯೇ ನನಗೆ ಜೋರಾಗಿ ಕೇಳಿಸುತ್ತಿತ್ತು. ಬೆಳಕು ಹರಿಯುತ್ತಲೇ ಗಣಿಗೆ ಹೋದೆ. ಕೂಗಿದೆ. “ರಿಜಾ” ಎಂದು ಬಂತು. ಇಷ್ಟು ದಿನ ಅದು ಬಂದ ಸಂತೋಷದಲ್ಲಿ ನಾನು ಅದನ್ನು ಸರಿಯಾಗಿ ಕೇಳಿಸಿಕೊಂಡೇ ಇರಲಿಲ್ಲ. ಈಗ ಧರಣೇಂದ್ರಯ್ಯನವರ ಹಾಗೆ ಕಣ್ಣು ಮುಚ್ಚಿ ಕೇಳಿದೆ. ಮತ್ತೆ ಕೂಗಿ ಮತ್ತೆ ಕೇಳಿದೆ. ಹೆಸರು ನನ್ನದು. ದನಿಯಲ್ಲಿ ಗೋಧಿ ಆಡಿಸಿದಂಥ ಸದ್ದಿತ್ತು.

ಅದು ರುದ್ರಕ್ಕನ ಗಂಟಲು.

ನಾನು ಹಿಂದಿರುಗಿಸಿದ್ದೇನೆ ಎಂದುಕೊಂಡದ್ದೆಲ್ಲ ನಿಜವಾಗಿ ಅವಳ ಮೇಲೆ ಹೊರಿಸಿದ್ದಾಗಿತ್ತು. ಅದು ಸಾಲವೆಂದೇ ಗೊತ್ತಿಲ್ಲದವಳು ಹೇಗೆ ಹಿಂದಿರುಗಿಸಬೇಕು? ಊರಿನವರು ಪಾತ್ರೆಯನ್ನು ಬೋರಲು ಹಾಕಿ ತೋರಿಸುತ್ತಿದ್ದುದು ಯಾಕೆಂದು ನನಗೆ ಆಗ ತಿಳಿಯಿತು. ಬಂಡೆಗೆ ಎದುರಾಗಿ ನಿಂತು, “ಅದೆಲ್ಲ ಸುಮ್ಮನೆ ಕೊಟ್ಟಿದ್ದು, ಅವಳು ಏನೂ ವಾಪಸು ಕೊಡಬೇಕಾಗಿಲ್ಲ” ಎಂದು ಕೂಡ ಹೇಳಿ ನೋಡಿದೆ. ಆ ಮಾತಿಗೆ ಬಂಡೆ ಏನೂ ಅನ್ನಲಿಲ್ಲ. ಹೆಸರು ಕೂಗಿದರೆ ಮತ್ತೆ ಅದೇ ಒರಟು ದನಿ.

ಗುರುವಾರಕ್ಕೆ ಇನ್ನು ಸ್ವಲ್ಪವೇ ದಿನವಿತ್ತು. ಇದ್ದ ಹೆಸರು ಕುಗ್ಗಿದವರ ಕಾರ್ಡನ್ನು ತಡೆಹಿಡಿದರೂ, ಹೊಸಬರಿಗೆ “ರಿಜಾ”ದಷ್ಟು ಬಂದರೆ ಸಂಘ ಸಣ್ಣ ಮಿತಿಯ ಕಾರ್ಡು ಕೊಡುತ್ತಿತ್ತು, ಕಲರಿಮೀಟರಿಗೆ ಅಷ್ಟು ಸಾಕು. ಧರಣೇಂದ್ರಯ್ಯನವರು ಹೆಸರು ಬಂತೋ ಇಲ್ಲವೋ ಎಂದು ಕೇಳುತ್ತಾರೆಯೇ ಹೊರತು ಯಾರ ಗಂಟಲಲ್ಲಿ ಬಂತೆಂದಲ್ಲ. ಗುರುವಾರ ಕಳೆಯಲಿ, ಕಾರ್ಡು ಕೈಗೆ ಬರಲಿ, ಆಮೇಲೆ ರುದ್ರಕ್ಕನಿಗೆ ಎಲ್ಲ ಹೇಳೋಣ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಈ ಗುರುವಾರ ತಪ್ಪಿದರೆ ಸಂಘ ಮತ್ತೆ ಕೇಳುವುದು ಮಳೆಗಾಲ ಕಳೆದ ಮೇಲೆ. ಹೊಸ ಕಲ್ಲಿನವನು ಅಲ್ಲಿಯವರೆಗೆ ಕಾಯುವವನಲ್ಲ, ಬಸ್‌ಸ್ಟ್ಯಾಂಡಿಗೆ ಹೋದ ಗಿರಾಕಿಗಳು ತಿರುಗಿ ಬರುವವರಲ್ಲ. ಮನೆಯ ಮುಂದೆ ಬಂದಾಗ ಅವಳು ಗಿರಣಿಯ ಬಾಗಿಲು ತೆರೆದು, ಒಬ್ಬರೂ ಇಲ್ಲದ ಕಟ್ಟೆಯನ್ನು ಗುಡಿಸುತ್ತಿದ್ದಳು.

ಕೇಳುವುದು ನನಗೆ ಬರುತ್ತಿರಲಿಲ್ಲ. ಸಾಲ ಕೇಳುವುದನ್ನೇ ಕಷ್ಟಪಟ್ಟು ಕಲಿತವಳು, ಕೊಟ್ಟದ್ದನ್ನು ಕೇಳುವುದು ಹೇಗೆ?

“ರುದ್ರಕ್ಕ, ನನ್ನ ಬೆಲ್ಲ ವಾಪಸ್ ಕೊಡಿ.”

ಅವಳು ಪೊರಕೆ ನಿಲ್ಲಿಸಿದಳು. “ಏನಂದೆ?”

“ಒಂದು ಅಚ್ಚು ಬೆಲ್ಲ. ಬೋಗುಣೀಲಿ ಇಟ್ಟಿದ್ದೆ. ಡಬ್ಬಿ ತುಂಬ ಕರಿಬೇವಿನ ಪುಡಿ. ಜರಡಿ ಬಲೆ. ಕೊಡೆಗೆ ಹಾಕಿಸಿದ ಬೆಸುಗೆ.”

“ತಲೆಗಿಲೆ ಕೆಟ್ಟಿದ್ಯಾ? ಆ ಬೆಲ್ಲ ಪಾಯಸ ಮಾಡಿ ನಿನಗೇ ಒಂದು ಲೋಟ ಕೊಟ್ಟಿದ್ದೆನಲ್ಲೇ!”

“ಪಾಯಸ ಬೇರೆ. ನನಗೆ ಬೆಲ್ಲ ಬೇಕು.”

ಎದುರು ಮನೆಯ ಕಿಟಕಿ ತೆರೆಯಿತು. ರುದ್ರಕ್ಕ ಸೊಂಟದ ಮೇಲೆ ಕೈ ಇಟ್ಟಳು. “ನೋಡ್ರಪ್ಪ, ಓದಿದವರ ಯೋಗ್ಯತೆ ನೋಡಿ! ಗಿರಣಿ ನಿಂತಿದೆ, ಊರು ನನ್ನ ಮೇಲೆ ಉಗೀತಿದೆ, ಇವಳು ಬಂದು ಬೆಲ್ಲ ಕೇಳ್ತಾಳೆ! ನಾಚಿಕೆ ಆಗಲ್ವೇನೇ?”

“ಆಗ್ತಿದೆ,” ಎಂದೆ. “ಆದ್ರೂ ಕೊಡಿ.”

ಕಾರಣ ಹೇಳಲು ಬಾಯಿ ತೆರೆದೆ. ಅವಳು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅಂಗಡಿಗೆ ದಡದಡ ಹೋಗಿ ಬೆಲ್ಲ ತಂದು ನನ್ನ ಕೈಗೆ ಕುಕ್ಕಿದಳು. ಹಿತ್ತಲಿನ ಕರಿಬೇವು ಕಿತ್ತು, ಹುರಿದು, ಕುಟ್ಟಿ, ಡಬ್ಬಿ ತಂದು ನನ್ನ ಹೊಸ್ತಿಲಲ್ಲಿ ಸುರಿದಳು. ಜರಡಿಯ ಬಲೆಯನ್ನು ಚಾಕುವಿನಿಂದ ಸುತ್ತಲೂ ಎಬ್ಬಿಸಿ ಬೀದಿಗೆ ಎಸೆದಳು. ನಾನು ಅವಳ ಹರಕಲು ಬಲೆಯನ್ನು ಕೊಟ್ಟೆ. ಕೊಡೆಯ ಕಡ್ಡಿಯನ್ನು ನನ್ನೆದುರಿಗೇ ಮೊಣಕಾಲಿಗೆ ಇಟ್ಟು ಮತ್ತೆ ಮುರಿದಳು. “ಸಮಾಧಾನ ಆಯ್ತಾ? ಇನ್ನೇನಾದ್ರೂ ಇದ್ಯಾ? ನೀನು ಬಿಟ್ಟ ಉಸಿರು ಇದೆ ಮನೇಲಿ, ಅದನ್ನೂ ತುಂಬಿ ಕೊಡ್ಲಾ?”

ಗುರುವಾರ ಗಣಿಯ ಅಂಚಿನಲ್ಲಿ ನಾವಿಬ್ಬರೂ ಸಿಕ್ಕೆವು. ಅವಳು ಇನ್ನೊಮ್ಮೆ ಕೇಳಿ ಎಂದು ಸಂಘಕ್ಕೆ ಗೋಗರೆದು ಬಂದಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸೆರಗು ಸಿಕ್ಕಿಸಿಕೊಂಡು “ರುದ್ರಾಣಮ್ಮ!” ಎಂದು ಕೂಗಿದಳು. ಬಂಡೆ ಮೊದಲಕ್ಷರದಿಂದ ಹಿಡಿದು, ಒಂದನ್ನೂ ಬಿಡದೆ, ಅವಳದೇ ಒರಟು ದನಿಯಲ್ಲಿ ಎರಡೆರಡು ಸಲ ಹೇಳಿತು. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ನನ್ನ ಸರದಿ. ನಾನು ಕೂಗಿದೆ. ಏನೂ ಬರಲಿಲ್ಲ. “ಜಾ” ಕೂಡ ಇಲ್ಲ.

“ಹೋದ ವಾರ ಬರ್ತಿತ್ತು ಅಂತ ಊರಲ್ಲಿ ಅಂತಿದ್ರು?” ಎಂದರು ಧರಣೇಂದ್ರಯ್ಯನವರು.

“ಬರ್ತಿತ್ತು. ಅದು ನನ್ನದಾಗಿರಲಿಲ್ಲ.”

ಅವರು ನನ್ನನ್ನೂ ರುದ್ರಕ್ಕನನ್ನೂ ನೋಡಿ, ಮೊಹರನ್ನು ಚೀಲಕ್ಕೆ ಹಾಕಿಕೊಂಡರು. “ಮುಂದಿನ ಸರದಿ ಮಳೆಗಾಲ ಕಳೆದ ಮೇಲೆ ಮೇಡಂ.”

ಹಿಂದಿರುಗುವ ದಾರಿಯಲ್ಲಿ ರುದ್ರಕ್ಕ ಬಹಳ ಹೊತ್ತು ನನ್ನ ಹಿಂದೆಯೇ ನಡೆದಳು. ಆಮೇಲೆ ಪಕ್ಕಕ್ಕೆ ಬಂದಳು.

“ಈ ಗುರುವಾರ ಕಳೆದ ಮೇಲೆ ಬಂದು ಕೇಳಬಹುದಿತ್ತಲ್ಲೇ ಬೆಲ್ಲಾನ.”

“ಹೌದು.”

“ಮತ್ತೆ?”

“ನಿಮ್ಮ ಹಿಟ್ಟು ತರಿತರಿಯಾಗಿ ಬರ್ತಿತ್ತು.”

“ನಿನಗೇನು ಗೊತ್ತು? ನೀನು ಪ್ಯಾಕೆಟ್ ಹಿಟ್ಟು ತರೋಳು,” ಎಂದಳು. ಸ್ವಲ್ಪ ದೂರ ಹೋದ ಮೇಲೆ, “ಕೊಡೆ ಮುರಿಯೋವಾಗ ಮೊಣಕಾಲಿಗೆ ಪೆಟ್ಟಾಯ್ತು ಕಣೆ,” ಎಂದು ಸೀರೆ ಎತ್ತಿ ಉಜ್ಜಿಕೊಂಡಳು.

ಹೊಸ ಬೀಸುಗಲ್ಲು ಬಂತು. ನನ್ನ ಗುತ್ತಿಗೆ ಮುಗಿಯಿತು. ಪ್ರಯೋಗಶಾಲೆಯಿಂದ ನನ್ನ ಸ್ವಂತ ಗಾಜಿನ ನಳಿಕೆಗಳನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದೆ. ಕಲರಿಮೀಟರ್ ಇಲ್ಲದಿದ್ದರೂ, ನೀರಿಗೆ ಬಣ್ಣ ಬೆರೆಸಿ, ನಳಿಕೆಗಳನ್ನು ಸಾಲಾಗಿ ಬೆಳಕಿಗೆ ಹಿಡಿದು, ಕಣ್ಣಿನಲ್ಲೇ ಹೋಲಿಸಿ ಸುಮಾರಾಗಿ ಹೇಳಬಹುದು. ಅದಕ್ಕೆ ಉದ್ದನೆಯ ಕಟ್ಟೆ ಬೇಕು, ಬಿಸಿಲು ನೇರವಾಗಿ ಬೀಳದ ಉತ್ತರದ ಬೆಳಕು ಬೇಕು. ನನ್ನ ಒಂದೇ ಕೋಣೆಯ ಮನೆಯಲ್ಲಿ ಎರಡೂ ಇರಲಿಲ್ಲ. ಬಾಡಿಗೆಗೆ ಬೇರೆ ಜಾಗ ಹಿಡಿಯಲು ದುಡ್ಡಿರಲಿಲ್ಲ. ಎರಡು ದಿನ ಮನೆಯೊಳಗೇ ಸುತ್ತಿ ಸುತ್ತಿ, ಕೊನೆಗೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ರುದ್ರಕ್ಕನ ಬಾಗಿಲಿಗೆ ಹೋದೆ. ಮಧ್ಯಾಹ್ನದ ಮೇಲೆ ಕರೆಂಟು ಇರುವುದಿಲ್ಲವಾದ್ದರಿಂದ ಅವಳು ಗಿರಣಿ ನಿಲ್ಲಿಸುತ್ತಿದ್ದಳು.

“ಮಧ್ಯಾಹ್ನದ ಹೊತ್ತು ನಿಮ್ಮ ಗಿರಣಿ ಕಟ್ಟೆ ಬೇಕು ರುದ್ರಕ್ಕ.”

“ಯಾಕೆ, ನಿನ್ನ ಪೆಟ್ಟಿಗೇಲಿ ಒಂದು ಕಟ್ಟೆ ಇಲ್ವಾ?”

“ಇಲ್ಲ. ನಿಜವಾಗ್ಲೂ ಇಲ್ಲ.”

ಅವಳ ನಗು ನಿಂತಿತು. “ಎಷ್ಟು ದಿನಕ್ಕೆ?”

“ಗೊತ್ತಿಲ್ಲ. ಬಾಡಿಗೆ ಕೊಡೋಕೂ ಈಗ ಆಗಲ್ಲ.” ಇಂಥ ಮಾತು ನನ್ನ ಬಾಯಿಂದ ಅದೇ ಮೊದಲು. ಹೇಳಿ ಮುಗಿಸುವಷ್ಟರಲ್ಲಿ ಕಿವಿಯೆಲ್ಲ ಬಿಸಿಯಾಗಿತ್ತು.

“ಬೆಳಗ್ಗೆ ಗಿರಾಕಿ ಬರೋ ಹೊತ್ತಿಗೆ ಕಟ್ಟೆ ನನಗೆ ಬೇಕು. ನಿನ್ನ ಶೀಶೆ ಗೀಶೆ ಕಂಡರೆ ಹಿಟ್ಟಿನ ಜೊತೆ ಬೀಸಿಬಿಡ್ತೀನಿ,” ಎಂದು ಚಿಲಕ ತೆಗೆದಳು.

ಹೀಗೆ ನಾನು ದಿನಾ ಕಟ್ಟೆ ತೆಗೆದುಕೊಂಡು ದಿನಾ ಹಿಂದಿರುಗಿಸತೊಡಗಿದೆ. ತೆಗೆದುಕೊಂಡಷ್ಟನ್ನೇ ಹಿಂದಿರುಗಿಸುವುದು ನನಗೆ ಯಾವ ಪರೀಕ್ಷೆಗಿಂತಲೂ ಕಷ್ಟವಾಯಿತು. ಕಟ್ಟೆಯ ಮೂಲೆಗಳಲ್ಲಿ ಹಳೆಯ ಹಿಟ್ಟು ಗಟ್ಟಿಯಾಗಿ ಕೂತಿರುತ್ತಿತ್ತು, ಕೆರೆದು ತೆಗೆಯಲು ಕೈ ತುರಿಸುತ್ತಿತ್ತು. ನಾನು ಚೆಲ್ಲಿದ ಹನಿಗಳನ್ನು ಮಾತ್ರ ಒರೆಸಿ, ಅವಳ ಹಿಟ್ಟನ್ನು ಅವಳ ಹಿಟ್ಟಾಗಿಯೇ ಬಿಟ್ಟು, ಕೈಗಳನ್ನು ಹಿಂದೆ ಕಟ್ಟಿಕೊಂಡು ಹೊರಗೆ ಬರುತ್ತಿದ್ದೆ. ಪೂರ್ವದ ಬೀದಿಯ ಹೆಂಗಸರು ಬಾಟಲಿಗಳಲ್ಲಿ ನೀರು ತರತೊಡಗಿದರು. ಕುಡಿಯಬೇಡಿ ಎಂದು ನಾನು ಹೇಳಿದ ಒಂದು ಬಾವಿಯ ಕೈಪಂಪಿಗೆ ಅವರು ಕೆಂಪು ಬಟ್ಟೆ ಕಟ್ಟಿದರು. ಆದರೆ ಕಣ್ಣಿನ ಹೋಲಿಕೆ ಎಲ್ಲದಕ್ಕೂ ಸಾಲುತ್ತಿರಲಿಲ್ಲ. ಎರಡು ಬಣ್ಣಗಳ ನಡುವೆ ನಿಂತ ನೀರನ್ನು ನೋಡಿ ನೋಡಿ, ಕುಡಿಯಿರಿ ಎನ್ನಲೂ ಆಗದೆ ಬೇಡ ಎನ್ನಲೂ ಆಗದೆ ಎಷ್ಟೋ ಸಂಜೆ ಚಡಪಡಿಸಿದ್ದೇನೆ.

ಮಳೆಗಾಲ ಕಳೆದ ಮೇಲಿನ ಗುರುವಾರ ನಾನು ಗಣಿಗೆ ಹೋದಾಗ ಕಟ್ಟೆಯ ಋಣ ಇನ್ನೂ ಹಾಗೆಯೇ ಇತ್ತು. ಬಾಡಿಗೆ ಕೊಟ್ಟಿರಲಿಲ್ಲ, ಜಾಗ ಬಿಟ್ಟಿರಲಿಲ್ಲ. ಪ್ರತಿ ಬೆಳಗ್ಗೆ ಅವಳು ಕೇಳುವ ಮುಂಚೆ ಕಟ್ಟೆ ಖಾಲಿ ಇರುತ್ತಿತ್ತು, ಅಷ್ಟೇ. ಕೂಗಿದೆ. ಬಂಡೆ “ವಾರಿಜಾ” ಎಂದಿತು. ಒಂದೇ ಸಲ, ಅಷ್ಟೇನೂ ಜೋರಾಗಿ ಅಲ್ಲ. ತೆಳ್ಳಗಿನ, ಸ್ವಲ್ಪ ನಡುಗುವ ದನಿ. ನನ್ನ ದನಿ ಇಷ್ಟೊಂದು ತೆಳ್ಳಗಿದೆಯೆಂದು ನನಗೆ ಗೊತ್ತಿರಲಿಲ್ಲ. ಧರಣೇಂದ್ರಯ್ಯನವರು ಕಣ್ಣು ತೆರೆಯದೆಯೇ ಮೊಹರಿಗಾಗಿ ತಡಕಾಡಿದರು.

ಮರುವಾರ ಕಾರ್ಡು ಕೈಗೆ ಬಂತು. ನೀಲಿ ಬಣ್ಣದ್ದು. ನನ್ನ ಹೆಸರಿನ ಅಕ್ಷರಗಳು ಬೆರಳಿಗೆ ಉಬ್ಬಾಗಿ ತಾಗುತ್ತಿದ್ದವು. ಕಲರಿಮೀಟರಿಗೆ ಪಕ್ಕದ ಊರಿನ ಶಾಲೆಯೊಂದು ಗಿರಾಕಿಯಾಗಿ ಬಂದಿದೆ, ಅವರ ಜನ ಮಧ್ಯಾಹ್ನಕ್ಕೆ ಬರುತ್ತಾರೆ, ಅದಕ್ಕೆ ಮುಂಚೆ ಬಾ ಎಂದು ಇಮಾಮ್ ಸಾಬರು ಬೆಳಗ್ಗೆಯೇ ಹೇಳಿ ಕಳಿಸಿದ್ದರು. ಮನೆಗೆ ಬಂದು ಮುಖ ತೊಳೆದು ಹೊರಟೆ. ಗಿರಣಿಯ ಮುಂದೆ ಚೀಲಗಳ ಸಾಲು, ಒಳಗೆ ಸುಟ್ಟ ವಾಸನೆ. ರುದ್ರಕ್ಕ ಬಾಗಿಲಲ್ಲೇ ಅಡ್ಡ ನಿಂತಳು.

“ಮೋಟಾರು ಸುಟ್ಟುಹೋಯ್ತು ಕಣೆ. ನನ್ನ ಕಾರ್ಡನ್ನ ನಾದಿನಿ ತಗೊಂಡು ಹೋಗಿದ್ದಾಳೆ, ಮಗಳ ಮದುವೆ ಜವಳಿಗೆ. ನಿನ್ನದು ಕೊಡು.”

ನಾನು ಕಾರ್ಡನ್ನು ಇನ್ನೂ ಕೈಯಲ್ಲೇ ಹಿಡಿದಿದ್ದೆ. ಅದರ ಮಿತಿ ಎರಡಕ್ಕೂ ಸಾಲುವುದಿಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಮೋಟಾರು ಕೊಂಡರೆ ಅವಳು ಆ ಹಣವನ್ನು ಸಂಘಕ್ಕೆ ತುಂಬಿದ ಮೇಲಷ್ಟೇ ಕಾರ್ಡಿನಿಂದ ನನಗೆ ಉಪಯೋಗ. ಅದು ಇವತ್ತೇ ಆಗಬಹುದು, ಆಗದೆಯೂ ಇರಬಹುದು. ಯಾವಾಗ ಕೊಡ್ತೀರಿ ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂತು. ಸಾಲಿನಲ್ಲಿದ್ದ ಮುದುಕಿಯೊಬ್ಬಳು ಚೀಲದ ಮೇಲೆ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನಾನು ಕಾರ್ಡು ಕೊಟ್ಟೆ. ರುದ್ರಕ್ಕ ಅದನ್ನು ಕುಪ್ಪಸಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿ ಮೆಟ್ಟಿ, ಪೇಟೆಯ ಕಡೆಗೆ ಓಡಿದಳು.

ಎಲ್ಲಿಗೆ ಹೋಗುವುದೆಂದು ತಿಳಿಯದೆ ನಾನು ಇಮಾಮ್ ಸಾಬರ ಅಂಗಡಿಗೇ ಹೋದೆ. ಅವರು ಕಲರಿಮೀಟರನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದರು. ಹೊರಗೆ ಶಾಲೆಯವರ ವ್ಯಾನು ಬಂದು ನಿಂತ ಸದ್ದಾಯಿತು.

“ಕಾರ್ಡ್ ತಂದ್ಯಾ ತಾಯಿ?”

“ಬಂತು ಸಾಬರೇ. ರುದ್ರಕ್ಕನಿಗೆ ಕೊಟ್ಟಿದ್ದೀನಿ.”

“ವಾಪಸ್ ಯಾವಾಗ ಕೊಡ್ತಾಳಂತೆ?”

“ಕೇಳಿಲ್ಲ.”

ಇಮಾಮ್ ಸಾಬರು ನನ್ನನ್ನೇ ನೋಡಿದರು. ವ್ಯಾನಿನ ಬಾಗಿಲು ತೆರೆದುಕೊಳ್ಳುವುದು ಕೇಳಿಸಿತು. ಅವರು ಹೆಗಲ ಮೇಲಿನ ಟವಲು ತೆಗೆದು ಕಲರಿಮೀಟರಿನ ಮೇಲೆ ಹೊದಿಸಿ, ಅದನ್ನು ಮೇಜಿನ ಕೆಳಗೆ ತಮ್ಮ ಕಾಲಿನ ಹತ್ತಿರ ಸರಿಸಿಕೊಂಡರು.

“ಹಾಗಾದ್ರೆ ಕೂತ್ಕೋ,” ಎಂದು ಒಂದು ಸ್ಟೂಲನ್ನು ನನ್ನ ಕಡೆಗೆ ತಳ್ಳಿದರು.

ನಾನು ಕೂತೆ. ಎದ್ದು ಬಾಗಿಲವರೆಗೆ ಹೋಗಿ ಬೀದಿ ನೋಡಿ ಬಂದೆ. ಮತ್ತೆ ಕೂತೆ.